ಬಾಗಿಲು ಹಾಕು

ಅಮ್ಮತ್ತಿಯ ಸಫಾ ಜೆರಾಕ್ಸಿನಲ್ಲಿ ಇರುವುದೇ ಎರಡು ಕಂಪ್ಯೂಟರು.
ಒಂದು ನನಗೆ ಅನ್ನ ಹಾಕುತ್ತದೆ.
ಇನ್ನೊಂದು ಫ್ಯಾನು ತಿರುಗಿಸುತ್ತ ಕೆಮ್ಮುತ್ತದೆ,
ಪ್ರಯೋಗವೆಲ್ಲ ಅದರ ಮೈಮೇಲೆ.
ಬಿಡುಗಡೆಗೆ ಮೊದಲಿನ ಆವೃತ್ತಿ ಇದು,
ದಿನದ ಕೆಲಸಕ್ಕೆ ಬಳಸಬೇಡಿ
ಎಂದು ಪರದೆಯ ಬಲಮೂಲೆಯಲ್ಲಿ ಸದಾ ಒಂದು ಸಾಲು,
ಹೊಸ ಪಾತ್ರೆಗೆ ಅಂಟಿದ, ತಿಕ್ಕಿದರೂ ಹೋಗದ ಚೀಟಿಯ ಹಾಗೆ.

ಮೊದಲ ರಾತ್ರಿ ಊರುಗಳ ಹೆಸರು ಹೊಡೆದೆ.
ಮಡಿಕೇರಿ ಸರಿ ಬಂತು. ಮಡಿಕೇರಿಗೆ ಯಾವಾಗಲೂ
ಎಲ್ಲ ಸರಿಯಾಗೇ ಬರುತ್ತದೆ.
ಬಿರುನಾಣಿ, ಪರವಾಗಿಲ್ಲ.
ಕುಟ್ಟ ಬಂದದ್ದು ಕುಟ್‌ಟ,
ಕಕ್ಕಬ್ಬೆ ಕಕ್‌ಕಬ್‌ಬೆ,
ನಮ್ಮೂರು
ಅಮ್‌ಮತ್‌ತಿ.
ಕಟ್ಟಿಸಿದ ಹಲ್ಲು ಮನೆಯಲ್ಲೇ ಮರೆತು ಬಂದವರು
ಬಸ್ಸಿನಲ್ಲಿ ಟಿಕೆಟ್ ಕೇಳಿದ ಹಾಗೆ.
ಒತ್ತುಗಳು ಕೆಳಗಿಳಿಯಲು ಹೆದರಿ
ಸಾಲಿನಲ್ಲೇ ನಿಂತುಬಿಟ್ಟಿದ್ದವು.
ಕೀಲಿ ಎಷ್ಟು ಒತ್ತಿದರೂ ಒತ್ತು ಬೀಳಲಿಲ್ಲ.

ದೂರು ಬರೆಯಲು ಮೂರು ಖಾನೆ:
ಏನು ಮಾಡಿದಿರಿ.
ಏನಾಗಬೇಕಿತ್ತು.
ಏನಾಯಿತು.

ಜೋಯಪ್ಪಣ್ಣ ಬಂದದ್ದು ಆ ವಾರವೇ, ಆನೆ ಹಾವಳಿಯ ಅರ್ಜಿ ಬರೆಸಲು.
ಅನ್ನ ಹಾಕುವುದು ಮದುವೆ ಕಾಗದ ಮುದ್ರಿಸುತ್ತಿತ್ತು;
ಮೂಲೆಯ ಸಾಲು ಬೇಡ ಎನ್ನುತ್ತಿದ್ದರೂ
ಕೆಮ್ಮುವುದರಲ್ಲೇ ಶುರು ಮಾಡಿದೆ.
ನಲವತ್ತೆರಡು ಕಾಫಿ ಗಿಡ, ಹನ್ನೊಂದು ಬಾಳೆ, ಬೇಲಿಯ ಮೂರು ಕಂಬ.
ಒಂಬತ್ತನೇ ಸಾಲಿಗೆ ಪರದೆ ಕಪ್ಪಾಯಿತು.
ಮತ್ತೆ ಮೊದಲಿಂದ ಹೇಳಿದರು.
ಈ ಸಲ ಗಿಡ ನಲವತ್ತೇಳು.
ನಾನು ಕೇಳಲಿಲ್ಲ.
ಏನಾಗಬೇಕಿತ್ತು ಜೋಯಪ್ಪಣ್ಣ, ಎಂದೆ, ನನ್ನ ದೂರಿನ ಗುಂಗಿನಲ್ಲಿ.
ಆಗುವುದೇನು, ಅದು ಅದರ ದಾರಿಯಲ್ಲಿ ಹೋಗಬೇಕಿತ್ತು, ಎಂದರು.
ಆಮೇಲೆ ಸ್ವಲ್ಪ ಸುಮ್ಮನಿದ್ದು,
ದಾರಿ ಅದೇ ಇದ್ದರೂ ಇರಬಹುದು, ಎಂದರು.

ಆದರೆ ಆ ಆವೃತ್ತಿಯಲ್ಲಿ ಒಂದು ವಿಷಯವಿತ್ತು.
ಕನ್ನಡ ಮಾಡಿದವರು ಯಾರೋ, ಎಲ್ಲಿಯವರೋ.
ಹಳೆಯದರಲ್ಲಿ 'ಅನಿರ್ದಿಷ್ಟ ದೋಷ ಸಂಭವಿಸಿದೆ',
ಕೆಳಗೆ ತಹಸೀಲ್ದಾರರ ಸಹಿಯೊಂದೇ ಬಾಕಿ.
ಇದರಲ್ಲಿ 'ಯಾಕೋ ಆಗಲಿಲ್ಲ'.
ಯಂತ್ರ ನಿದ್ದೆ ಹೋಗಬೇಕಾದರೆ 'ಸ್ವಲ್ಪ ಒರಗು',
ಆರಿಸಿ ಮತ್ತೆ ಹೊತ್ತಿಸಲು 'ಮುಖ ತೊಳೆದು ಬಾ',
ಇಡೀ ಕೆಲಸ ಮುಗಿಸಲು
'ಬಾಗಿಲು ಹಾಕು'.
ಮೊದಲ ಸಲ ಓದಿ ಒಬ್ಬಳೇ ನಕ್ಕೆ.
ಆಮೇಲೆ ನಗಲಿಲ್ಲ. ರಾತ್ರಿ ಒಂಬತ್ತಕ್ಕೆ,
ಸಿದ್ದಾಪುರದ ಕಡೆಯ ಬಸ್ಸು ಹೋದ ಮೇಲೆ,
ಯಾರೋ ಒಳಮನೆಯಿಂದ ಹೇಳಿದಂತೆ ಕೇಳುತ್ತಿತ್ತು,
ಸಾಕು, ಬಾಗಿಲು ಹಾಕು.

ಮೂವತ್ತೊಂದು ದೂರು ಕಳಿಸಿದೆ.
ಪ್ರಿಂಟರು ಕಾಣದ್ದು, ಗಡಿಯಾರ ಹಿಂದೆ ಓಡಿದ್ದು,
ಅರ್ಕಾವೊತ್ತು ಕಂಡರೆ ಕರ್ಸರು ಕಂಗಾಲಾದದ್ದು.

ಮೂರನೇ ಆವೃತ್ತಿ ಇಳಿಸಿಕೊಂಡ ದಿನ ಊರ ಹೆಸರು ಹೊಡೆದೆ:
ಅಮ್ಮತ್ತಿ.
ಮಕಾರದಡಿ ಮಕಾರ, ತಕಾರದಡಿ ತಕಾರ,
ಮಕ್ಕಳನ್ನು ಸೊಂಟಕ್ಕೇರಿಸಿ ನಿಂತ ಹಾಗೆ. ಅಲ್ಲ,
ಕಾಲಬುಡದಲ್ಲಿ ಕೂರಿಸಿಕೊಂಡ ಹಾಗೆ.
ನಾನು ಕೂಗಿದ ಕೂಗಿಗೆ ಕೋಳಿ ಅಂಗಡಿಯ ಉಸ್ಮಾನ್ ಕತ್ತಿ ಹಿಡಿದೇ ಬಂದ:
ಏನು ರುಖಿಯಾತ್ತ, ಲಾಟರಿಯಾ?

ಮುಚ್ಚುವ ಹೊತ್ತಿಗೆ ಗುಂಡಿ ನೋಡಿದೆ.
'ಸ್ಥಗಿತಗೊಳಿಸು'.
ಬದಲಾವಣೆಗಳ ಪಟ್ಟಿಯ ಕೊನೆಯಲ್ಲಿ, ಸಣ್ಣಕ್ಷರದಲ್ಲಿ:
ಅನೌಪಚಾರಿಕ ಪದಗಳನ್ನು ಸರಿಪಡಿಸಲಾಗಿದೆ.
ಯಾರೋ ದೂರು ಕೊಟ್ಟಿದ್ದಾರೆ. ನನ್ನಂಥವರೇ.

ಮತ್ತೆ ಮೂರು ಖಾನೆ ತೆರೆದು ಕೂತೆ.
ಏನು ಮಾಡಿದಿರಿ?
ಮೂವತ್ತೊಂದು ಸಲ ಕೆಟ್ಟದ್ದನ್ನು ಬರೆದೆ,
ಒಮ್ಮೆಯೂ ಇದು ಚೆನ್ನಾಗಿದೆ ಎಂದು ಬರೆಯಲಿಲ್ಲ.
ಅದಕ್ಕೆ ಖಾನೆ ಇರಲಿಲ್ಲ, ಎಂದೂ ಹೊಡೆದು
ಅಳಿಸಿದೆ; ಅದು ನೆಪ.
ಕಳಿಸಿದೆನೋ ಇಲ್ಲವೋ, ಕರೆಂಟು ಹೋಯಿತು.

ಹೊರಗೆ ಬಂದು ಷಟರ್ ಎಳೆದೆ.
ಅರ್ಧಕ್ಕೆ ಸಿಕ್ಕಿಕೊಂಡಿತು, ದಿನವೂ ಸಿಕ್ಕುವಲ್ಲೇ.
ಮೊಣಕಾಲು ಕೊಟ್ಟು ಇನ್ನೊಮ್ಮೆ ಎಳೆದೆ.
ಯಾಕೋ ಆಗಲಿಲ್ಲ.