ಮೇ ಹನ್ನೊಂದು, ಹಲಗೆದಾರಿ

ರಾತ್ರಿಯಿಡೀ ತೆಂಕಣ ಗಾಳಿ.
ಐದೂವರೆಗೆಲ್ಲ ಲಿಯೋನಾ ಶಿಮಾನ್ಸ್ಕಿ
ಫ್ಲಾಸ್ಕಿಗೆ ಕಾಫಿ ಸುರಿದುಕೊಂಡು ಹೊರಟಳು,
'ಈ ಚಳಿಯಲ್ಲಾ?' ಎಂದ ಸೊಸೆಯ ಮಾತು
ಕೇಳಿಸದವಳಂತೆ.
ಕೇಳಿಸಲಿಲ್ಲವೋ ಏನೋ.

ಈರಿ ಸರೋವರದ ದಂಡೆ. ಜೌಗಿನ ಮೇಲೆ ಹಲಗೆ ಹಾಸಿದ ದಾರಿ.
ವಿಲ್ಲೋ ಎಲೆ ಇನ್ನೂ ಇಲಿಯ ಕಿವಿಯಷ್ಟು.
ಆ ದಡಕ್ಕೆ ಹಾರುವ ಮುನ್ನ ಹಕ್ಕಿಗಳು ತಂಗುವುದು ಇಲ್ಲೇ,
ದೋಣಿಗೆ ಕಾದವರ ಹಾಗೆ
ಹುಳ ಹೆಕ್ಕುತ್ತ, ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತ.
ಕೆಳಗೆ ಕತ್ತೆತ್ತಿ ನಿಂತ ಜನ:
ರಾತ್ರಿಪಾಳಿ ಮುಗಿಸಿ ನೇರ ಬಂದ ದಾದಿ,
ಮೊಣಕಾಲಿಗೆ ಪಟ್ಟಿ ಬಿಗಿದ ಪಾದ್ರಿ,
ಬಾಡಿಗೆ ವ್ಯಾನಿನಲ್ಲಿ ಬಂದಿಳಿದ ಆಮಿಶ್ ಹುಡುಗರು,
ಹುಲ್ಲುಟೋಪಿ, ಹೊಲಿದ ಅಂಗಿ,
ಕೊರಳಲ್ಲಿ ಮಾತ್ರ ಭಾರೀ ದುಬಾರಿ ದುರ್ಬೀನು.

ಲಿಯೋನಾಳ ನೋಟುಬುಕ್ಕಿನಲ್ಲಿ
ಕೆಂಡಗೊರಳಿನ ಉಲಿಯಕ್ಕಿಗೆ ಒಂದು ಪುಟ.
ಇಪ್ಪತ್ತಾರು ವರ್ಷ, ಇಪ್ಪತ್ತಾರು ತಾರೀಖು.
ಆಮೇಲೆ ಮೂರು ಅಡ್ಡಗೆರೆ.
ತೆಂಕಣದ ಕಾಡು ಕಡಿದಿರಬೇಕು ಎಂದುಕೊಂಡಳು,
ಪತ್ರಿಕೆಗೊಂದು ಕಾಗದವನ್ನೂ ಬರೆದಳು, ಖಾರವಾಗಿಯೇ.

'ಅಗೋ, ಹಾಡ್ತಿದೆ,' ಎಂದ
ಪಕ್ಕದಲ್ಲಿ ನಿಂತ ಹತ್ತು ವರ್ಷದ ರೂಬೆನ್ ಟ್ರಾಯರ್.
'ಎಲ್ಲಿ?'
'ಆ ಕವಲಿನ ಮೇಲೆ. ಈಗಲೂ. ಈಗಲೂ.'

ಸಿಕ್ಕಿತು ದುರ್ಬೀನಿಗೆ:
ಊದಿದ ಕೆಂಡದಂಥ ಕೊರಳು,
ಅಗಲ ತೆರೆದ ಕೊಕ್ಕು,
ಅದುರುತ್ತಿರುವ ಗಂಟಲು.
ಸದ್ದಿಲ್ಲ.
ಕಿಟಕಿಯ ಆಚೆ ನಿಂತು ಯಾರೋ ಕರೆಯುತ್ತಿರುವ ಹಾಗೆ.

ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ
ಬಾಟಲಿಗಳ ಕಣಕಣ ಕುಡಿದ ಕಿವಿ.
ಸೂಜಿಮೊನೆಯಷ್ಟು ಸಣ್ಣಗೆ ಏರುವ ಸ್ವರಕ್ಕೆ
ಬಾಗಿಲು ಹಾಕಿಕೊಂಡದ್ದು ಯಾವತ್ತೋ,
ಒಡತಿಗೊಂದು ಮಾತು ಹೇಳದೆ.

'ಹೇಗಿದೆ ಹೇಳು,' ಎಂದಳು.
ಹುಡುಗ ಯೋಚಿಸಿದ. ಟೋಪಿ ಹಿಂದಕ್ಕೆ ಸರಿಸಿದ.
'ಅಪ್ಪ ಗರಗಸಕ್ಕೆ ಅರ ತಿಕ್ಕುವಾಗ ಕೊನೆಗೆ
ಕಿರ್ರ್ ಅಂತ ಬರುತ್ತಲ್ಲ,
ಹಾಗೆ.
ಆದರೆ ಚೆನ್ನಾಗಿ.'

ಆ ಮೂರು ಗೆರೆಗಳನ್ನು ಅಳಿಸಲು ಹೋಗಲಿಲ್ಲ ಅವಳು.
ಕೆಳಗೆ ತಾರೀಖು ಬರೆದಳು, ಗಾಳಿ ತೆಂಕಣ ಎಂದು ಬರೆದಳು.
ನೋಡಿದ್ದು: ನಾನು.
ಕೇಳಿದ್ದು: ರೂಬೆನ್ ಟ್ರಾಯರ್.
ಹೆಸರಿನ ಕಾಗುಣಿತ ಎರಡು ಸಲ ಕೇಳಿಕೊಂಡಳು.

ಪತ್ರಿಕೆಯವರಿಗೆ ಏನು ಹೇಳುವುದೋ.
ತಣ್ಣಗಾದ ಕಾಫಿ ಮುಚ್ಚಳಕ್ಕೆ ಬಗ್ಗಿಸುವಷ್ಟರಲ್ಲಿ
ಕವಲು ಖಾಲಿ, ನೀರಿನ ಮೇಲೆ ಬರೀ ಬೆಳಕು.
ಅತ್ತ ವ್ಯಾನಿನಿಂದ ಯಾರೋ ಕೈಬೀಸಿ ಕರೆದರು;
ಹುಡುಗ ಓಡಿದ, ಹಲಗೆಯ ಮೇಲೆ ದಡದಡ ದಡದಡ.

ಅದು ಕೇಳಿಸಿತು,
ಕೊನೆಯ ಹಲಗೆಯವರೆಗೂ.