ಶೇಷ ಸೊನ್ನೆ

ಶಿಡ್ಲಘಟ್ಟದ ನಗರಸಭೆಯಲ್ಲಿ ನಡಾವಳಿ ಬರೆಯುವವಳು ನಾನು.
ಯಾರು ಏನಂದರೆಂದು ಬರೆಯುವುದಿಲ್ಲ,
ಏನು ತೀರ್ಮಾನವಾಯಿತೆಂದು ಬರೆಯುತ್ತೇನೆ.
ಈ ಎರಡರ ನಡುವೆ ಬಿದ್ದುಹೋದದ್ದನ್ನು
ಒಂದು ಸಲ ಇಲ್ಲಿ ಬರೆದಿಡುತ್ತೇನೆ.

ಬಂದದ್ದು ಒಂದು ಕೋಟಿ ಐವತ್ತೈದು ಲಕ್ಷ.
ಜೆ.ಇ. ಪದ್ಮಾಕರ ನಕ್ಷೆ ಬಿಚ್ಚಿದ.
ಮತ್ತೆ ಮತ್ತೆ ಸುರುಳಿಯಾಗುವ ಅದರ ಮೂಲೆಗಳ ಮೇಲೆ
ಸ್ಟಾಂಪ್ ಪ್ಯಾಡು, ಗೋಂದಿನ ಬಾಟಲಿ, ನನ್ನ ಟಿಫನ್ ಡಬ್ಬಿ ಹೇರಿ
ಒಂದು ನೀಲಿ ಗೆರೆ ತೋರಿಸಿದ:
ನಾಲ್ಕನೇ ವಾರ್ಡಿನ ರೀಲಿಂಗ್ ಮನೆಗಳಿಂದ ಹೊರಟು
ಊರಿನ ಹೊಟ್ಟೆಯೊಳಗೇ ಹಾದು
ಇಪ್ಪತ್ತೊಂಬತ್ತರ ಆಚೆಯ ತೊಟ್ಟಿಗೆ.
ಗೂಡು ಬೇಯಿಸಿದ ನೀರಿಗೆ ಒಂದೇ ಒಂದು ದಾರಿ.
ಖರ್ಚು, ಬಂದಷ್ಟೂ.

"ನೆಲದೊಳಗೆ ಹೋಗೋದಕ್ಕೆ ಯಾರ ಹೆಸರಿನ ಕಲ್ಲಪ್ಪಾ?"
ಎಂದರು ಹನ್ನೊಂದನೇ ವಾರ್ಡಿನ ಚೌಡರೆಡ್ಡಿ.
ನಗು.
ಆಮೇಲೆ ಹಿಂದಿನ ಸಾಲಿನಿಂದ, ಮೆಲ್ಲಗೆ, ತೆಲುಗಿನಲ್ಲಿ:
"ಎವರಿಕೆಂತ?"
ಯಾರಿಗೆಷ್ಟು. ನಮ್ಮೂರಲ್ಲಿ ಭಾಷಣ ಕನ್ನಡ, ಲೆಕ್ಕ ತೆಲುಗು.

ಮೂವತ್ತೊಂದು ವಾರ್ಡು.
ಯಾರೋ ಫೋನಿನಲ್ಲಿ ಭಾಗಿಸಿದರು.
ತಲೆಗೆ ಐದು ಲಕ್ಷ, ಶೇಷ ಸೊನ್ನೆ.
ಅಷ್ಟು ಚೆನ್ನಾಗಿ ಭಾಗವಾದದ್ದೇ ನ್ಯಾಯ ಅನ್ನಿಸಿಬಿಟ್ಟಿತು ಎಲ್ಲರಿಗೂ.
ನಿಜ ಹೇಳಲೇ, ನನಗೂ.

ಇದೇ ಊರಿನ ಗೂಡಿನ ಮಾರುಕಟ್ಟೆಯಲ್ಲಿ
ಹರಾಜು ಕೂಗಿದವನೇ ಹಣ ಕಟ್ಟಬೇಕು.
(ಈಗ ಕೂಗುವುದೂ ಇಲ್ಲ, ಮೊಬೈಲಿನಲ್ಲಿ ಒತ್ತುತ್ತಾರೆ, ಆದರೂ.)
ಅದಕ್ಕೇ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳದ ಸದ್ದು ಕೇಳಿ
ಐದು ರೂಪಾಯಿಗೆ ಅರ್ಧ ಗಂಟೆ ಯೋಚಿಸುತ್ತಾರೆ.
ಇಲ್ಲಿ ಎತ್ತುವುದು ಕೈ ಮಾತ್ರ.
ಕೈಯೊಳಗಿನದು ಊರಿನದು.

ನಾತವೇನೋ ಊರಿಗೆಲ್ಲ ಇದೆ.
ಆದರೆ ಅದೂ ಭಾಗವಾಗಿದೆ, ಸಾವಿರಾರು ಮೂಗಿಗೆ ಹಂಚಿ.
ಒಬ್ಬೊಬ್ಬರ ಪಾಲಿಗೆ ಬಂದದ್ದಕ್ಕೆ
ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರುವಷ್ಟು ತೂಕವಿಲ್ಲ.
ಟೈಲ್ಸಿನ ಗುತ್ತಿಗೆದಾರ ಮಾತ್ರ ಒಂಬತ್ತಕ್ಕೇ ಬಂದು
ವರಾಂಡದ ಬೆಂಚಿನಲ್ಲಿ ಕೂತಿದ್ದ,
ಎಲ್ಲರಿಗೂ ಬಾದಾಮಿ ಹಾಲು ತರಿಸಿದ. ನನಗೂ ಒಂದು ಲೋಟ.
ಒಳ್ಳೆಯ ಮನುಷ್ಯ. ಮಗಳ ಪರೀಕ್ಷೆ ಹೇಗಾಯಿತೆಂದು ಕೇಳಿದ.

ಹದಿನೇಳರ ಖುರ್ಷಿದಾ ಬಾನು ಎದ್ದು ನಿಂತರು.
"ನನ್ನ ಐದು ಲಕ್ಷಕ್ಕೆ ನಾನೇನು ಕೊಳ್ಳಲಿ?
ನೀರು ಬರೋದು ಮೇಲಿನ ವಾರ್ಡಿಂದ."
ಫ್ಯಾನು ತಿರುಗಿತು.
"ಹಾಗಾದ್ರೆ ನಿಮ್ಮ ಪಾಲು ಬಿಟ್ಕೊಡ್ತೀರೇನಮ್ಮಾ?"
ಅಧ್ಯಕ್ಷರ ದನಿಯಲ್ಲಿ ಕುಹಕವಿರಲಿಲ್ಲ.
ಆಕೆ ನಕ್ಷೆ ನೋಡಿದರು, ಮೂವತ್ತು ಮುಖ ನೋಡಿದರು.
ಬಿಟ್ಟರೆ ದುಡ್ಡು ಹೋಗುತ್ತದೆ, ನೀರು ಉಳಿಯುತ್ತದೆ.
ಮೆಲ್ಲಗೆ ಕೈ ಎತ್ತಿದರು.
ಸೋತರು ಅನ್ನಬೇಡಿ. ಆ ಕೋಣೆಯಲ್ಲಿ
ಲೆಕ್ಕವನ್ನು ಕೊನೆಯ ಸಾಲಿನವರೆಗೂ ಮಾಡಿದವರು ಅವರೊಬ್ಬರೇ.

'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆದೆ.
ಪದ್ಮಾಕರ ನನ್ನ ಡಬ್ಬಿ ವಾಪಸು ಕೊಟ್ಟ.
ಭಾರ ತೆಗೆದ ಕೂಡಲೇ ನಕ್ಷೆ ತಾನಾಗಿ ಸುತ್ತಿಕೊಂಡಿತು.

ನಮ್ಮ ಪುಸ್ತಕದಲ್ಲಿ ಎರಡೇ ಕಾಲಂ: ಜಮಾ, ಖರ್ಚು.
ಬಿಟ್ಟದ್ದಕ್ಕೆ ಕಾಲಂ ಇಲ್ಲ.
ನನ್ನಮ್ಮ ನಾಲ್ಕಾಣೆಯ ಹೂವು ಕೊಂಡರೂ
"ಇದರಲ್ಲಿ ಒಂದು ಪಾವು ಉಪ್ಪು ಬರ್ತಿತ್ತು" ಅನ್ನುತ್ತಿದ್ದಳು.
ಹೂವನ್ನೂ ಮುಡಿಯುತ್ತಿದ್ದಳು,
ಉಪ್ಪನ್ನೂ ಮರೆಯುತ್ತಿರಲಿಲ್ಲ.

ನಾಲ್ಕು ತಿಂಗಳಿಗೆ ನಮ್ಮ ಬೀದಿಗೂ ಟೈಲ್ಸು ಬಂತು,
ಕೆಂಪು, ಹಳದಿ. ಮಕ್ಕಳು ಅದರ ಮೇಲೆ ಕುಂಟಾಬಿಲ್ಲೆ ಆಡಿದರು.
ನನಗೆ ಇಷ್ಟವೇ ಆಯಿತು.
ಈವತ್ತು ಆಫೀಸಿಗೆ ಹೊರಟವಳು
ಸಡಿಲವಾದ ಒಂದರ ಮೇಲೆ ಕಾಲಿಟ್ಟೆ.
ಕೆಳಗಿದ್ದ ಗೂಡಿನ ನೀರು ಪಿಚಕ್ಕನೆ ಚಿಮ್ಮಿ
ಸೀರೆಯ ಅಂಚಿಗೆ.

ನಲ್ಲಿಯ ಹತ್ತಿರ ಕೂತು ಉಜ್ಜಿದೆ.
ಸೋಪು ಹತ್ತು ರೂಪಾಯಿ, ಅರ್ಧ ದಿನದ ರಜೆ.
ಪಕ್ಕದ ಮನೆಯ ಯಶೋದಮ್ಮನೂ ಅಲ್ಲೇ ತನ್ನದನ್ನು ಉಜ್ಜುತ್ತಿದ್ದಳು.
ಇಬ್ಬರೂ ಏನೋ ಹೇಳಬೇಕೆಂದು ತಲೆ ಎತ್ತಿದೆವು.
ಇಬ್ಬರಿಗೂ ಹೊತ್ತಾಗಿತ್ತು.