ಐವತ್ತು ಮಿಲಿಗ್ರಾಂ

ಇಪ್ಪತ್ತೈದು ಇದ್ದದ್ದು ಹೋದ ಸೋಮವಾರದಿಂದ ಐವತ್ತು.
ಎರಡು ವಾರ ತಡ್ಕೊಳ್ಳಿ, ಮೈ ಒಗ್ಗುತ್ತೆ
ಅಂದಿದ್ದರು ದುರ್ಗಿಗುಡಿಯ ಡಾಕ್ಟರು.

ಬೆರಳ ತುದಿಗೆಲ್ಲ ಜೋಮು.
ಮೈಕಿನ ಗುಂಡಿ ಒತ್ತಿದೆನೋ ಇಲ್ಲವೋ ತಿಳಿಯದೆ
ಇನ್ನೊಮ್ಮೆ ಒತ್ತುತ್ತೇನೆ, ಆರಿಹೋಗುತ್ತದೆ.
ಪಂಚಾಕ್ಷರಿಯ ಅಂಗಡಿಯಲ್ಲಿ ಗೋಲಿಸೋಡಾ
ಸದ್ದೇನೋ ಮಾಡಿತು,
ನಾಲಿಗೆಗೆ ಸಿಕ್ಕಿದ್ದು ಬರೀ ನಲ್ಲಿ ನೀರು.
ಮೋಸ ಮಾಡಿದೆಯಲ್ಲೋ ಅಂದೆ.
ಉಳಿದದ್ದನ್ನು ಅವನೇ ಕುಡಿದು ತೇಗಿದ.

ಇದೆಲ್ಲ ಹೋಗಲಿ. ಊರುಗಳು ಹೋಗುತ್ತಿವೆ.
ಹದಿನಾಲ್ಕು ವರ್ಷ ಈ ಬಸ್‌ಸ್ಟ್ಯಾಂಡಿನಲ್ಲಿ
ನಾನೇ ಕೂಗಿದ ಹೆಸರುಗಳು.
ನಿನ್ನೆ ನಾಲ್ಕೂವರೆಗೆ
"ಪ್ರಯಾಣಿಕರ ಗಮನಕ್ಕೆ, ಮಂಡಗದ್ದೆ ಮಾರ್ಗವಾಗಿ..."
ಮುಂದಿನದು ಇಲ್ಲ.
ಕಮಾನಿನ ಸೇತುವೆ ಕಾಣುತ್ತಿದೆ,
ಚಿಕ್ಕಮ್ಮನ ಮನೆಯ ಗೇಟಿನ ಕಿರ್ರೂ ಕೇಳುತ್ತಿದೆ,
ಹೆಸರೊಂದೇ ಇಲ್ಲ.
"...ಹೋಗುವ ಬಸ್ಸು ಹೊರಡಲಿದೆ" ಅಂದುಬಿಟ್ಟೆ.
ಜನ ಹತ್ತಿದರು.
ಎಲ್ಲಿಗೆಂದು ಅವರಿಗೆ ಗೊತ್ತಿತ್ತು.

ರಾತ್ರಿ ಅಕ್ಕಿ ತೊಳೆಯುವಾಗ ತಾನಾಗೇ ಬಂತು.
ತೀರ್ಥಹಳ್ಳಿ! ಕೂಗಿಯೇಬಿಟ್ಟೆ.
ಒಳಗಿಂದ ಇವರು: "ಎಷ್ಟನೇ ಪ್ಲಾಟ್‌ಫಾರಂ?"
ನಕ್ಕೆ. ಆಮೇಲೆ ಸ್ವಲ್ಪ ಅತ್ತೆ,
ನಲ್ಲಿ ತಿರುಗಿಸಿಟ್ಟು.

ಕ್ಯಾಲೆಂಡರಿನಲ್ಲಿ ತಲೆನೋವಿಗೆ ಕೆಂಪು ಚುಕ್ಕೆ.
ಹೋದ ತಿಂಗಳು ಹನ್ನೊಂದು.
ಈ ತಿಂಗಳು ಇಪ್ಪತ್ತು ದಾಟಿದರೂ ಎರಡೇ.
ಕತ್ತಲೆ ಕೋಣೆ, ಹಣೆಗೆ ಒದ್ದೆ ಬಟ್ಟೆ, ಮಂಚದಡಿಯ ಬಕೆಟ್ಟು,
ಇವುಗಳ ಹೆಸರು ಮಾತ್ರ ಮರೆತಿಲ್ಲ ನೋಡಿ.

ಇವತ್ತು ಅಂಗೈಯಲ್ಲೇ ಬರೆದುಕೊಂಡು ಬಂದಿದ್ದೇನೆ:
ಆಯನೂರು, ರಿಪ್ಪನ್‌ಪೇಟೆ, ಹೊಸನಗರ.
ಪೆನ್ನು ಒತ್ತಿದ್ದೂ ಗೊತ್ತಾಗಲಿಲ್ಲ.
ಮಧ್ಯಾಹ್ನದ ಬೆವರಿಗೆ
ಹೊಸನಗರ ಅರ್ಧ ಅಳಿಸಿದೆ.